ಹಿಮದ ಮೇಲೆ ಹೀರೋ ಆಗ್ಬೇಕಾ? ಮೊದಲು ಕಾಲು ನೋಡ್ಕೊಳ್ಳಿ!

ಸಿನಿಮಾದಲ್ಲಿ ಹಿಮ ಅಂದ್ರೆ ಬಲು ಸುಲಭ. ನಾಯಕಿ ತೆಳ್ಳನೆ ಷಿಫಾನ್ ಸೀರೆ ಉಟ್ಟು, ಬರಿಗೈಯಲ್ಲಿ ಹಿಮದ ಉಂಡೆ ಕಟ್ಟಿ ನಾಯಕನ ಮುಖಕ್ಕೆ ಎಸೀತಾಳೆ. ನಾಯಕ ಪಾಲಿಷ್ ಮಾಡಿದ ಷೂ ಹಾಕ್ಕೊಂಡು ಜಾರ್ತಾ ಬಂದು ಅವಳ ಕಾಲ ಬುಡದಲ್ಲೇ ನಿಲ್ತಾನೆ! 1961ರಲ್ಲಿ ‘ಜಂಗ್ಲಿ’ ಚಿತ್ರದ ಶಮ್ಮಿ ಕಪೂರ್ ಹಿಮದಲ್ಲಿ ಉರುಳಾಡಿದ್ದೇ ಉರುಳಾಡಿದ್ದು, ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಜೋಡಿಗಳು ಹಾಗೆ ಉರುಳಿವೆಯೋ ಲೆಕ್ಕ ಇಟ್ಟವರಿಲ್ಲ. 2013ರ ‘ಯೇ ಜವಾನಿ ಹೈ ದೀವಾನಿ’ ಬಂದ ಮೇಲಂತೂ ಕಾಲೇಜು ಹುಡುಗರು ಬೆನ್ನಿಗೆ ಚೀಲ ಏರಿಸಿ ಹಿಮಾಲಯದ ಬಸ್ ಹತ್ತಿಬಿಟ್ಟರು.

ಆದರೆ ಮಿತ್ರರೇ, ಒಂದು ವಿಷಯ. ‘ಕಟ್’ ಅಂದ ತಕ್ಷಣ ನಟನಿಗೆ ಕಂಬಳಿ ಹೊದಿಸೋಕೆ ಒಬ್ಬ ಇರ್ತಾನೆ, ಬಿಸಿ ಚಹಾ ಹಿಡಿದು ಇನ್ನೊಬ್ಬ ನಿಂತಿರ್ತಾನೆ, ಹತ್ತಿರದಲ್ಲೇ ವ್ಯಾನು ಇರುತ್ತೆ. ನಿಜವಾದ ಬೆಟ್ಟದಲ್ಲಿ ‘ಕಟ್’ ಅನ್ನೋ ಡೈರೆಕ್ಟರ್ ಇಲ್ಲ. ರೀಟೇಕೂ ಇಲ್ಲ. ಡ್ಯೂಪಂತೂ ಇಲ್ಲವೇ ಇಲ್ಲ. ನಿಮ್ಮ ಕಾಲು ನಿಮ್ಮದೇ. ಹತ್ತು ಬೆರಳು, ಅಷ್ಟೇ ಸ್ಟಾಕು.

2023ರ ಜನವರಿ ಕೊನೆಯ ವಾರ ನಾವು ಆರು ಜನ ಉತ್ತರಾಖಂಡದ ಕೇದಾರಕಂಠ ಹತ್ತಿ ಬಂದೆವು. ಅಲ್ಲ, ಐದು ಜನ ಹತ್ತಿದೆವು. ಆರನೆಯವನ ಕಥೆ ಮುಂದೆ ಬರುತ್ತೆ.

ಮುಳ್ಳಯ್ಯನಗಿರಿ ಮುಗಿದ ಕಡೆ ಶುರು

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕೂತು ದೆಹಲಿ. ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಡೆಹ್ರಾಡೂನ್. ಡೆಹ್ರಾಡೂನ್ ರೈಲ್ವೆ ಸ್ಟೇಷನ್ ಪಕ್ಕದಿಂದ ಬೆಳಗಿನ ಜಾವವೇ ಬಸ್ಸು ಹೊರಡುತ್ತೆ. ಮಸ್ಸೂರಿ, ಪುರೋಲಾ, ಮೋರಿ, ನೈಟ್ವಾಡ್ ದಾಟಿ ಸುಮಾರು 200 ಕಿಲೋಮೀಟರ್ ಹೋದರೆ ಸಾಂಕ್ರಿ. ಇನ್ನೂರೇ ಕಿಲೋಮೀಟರ್ ತಾನೇ, ಮೈಸೂರಿಗೆ ಹೋಗಿ ಸ್ವಲ್ಪ ಮುಂದೆ ಅಂದ್ಕೊಂಡಿರಾ? ಇಡೀ ಒಂದು ಹಗಲು ಬೇಕು ಸ್ವಾಮಿ! ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪಾತಾಳ. ನೈಟ್ವಾಡ್‌ನಲ್ಲಿ ರೂಪಿನ್, ಸೂಪಿನ್ ಅಂತ ಎರಡು ನದಿಗಳು ಸೇರಿ ಟೋನ್ಸ್ ಆಗಿ ಹರೀತವೆ. ಹೆಸರು ಕೇಳಿದರೆ ಅವಳಿ ನಾಯಕಿಯರ ಹಾಗಿವೆ, ನೀರು ಮಾತ್ರ ಐಸು.

ಸಾಂಕ್ರಿ ಇರೋದು ಸುಮಾರು 6,400 ಅಡಿ ಎತ್ತರದಲ್ಲಿ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,300 ಅಡಿ ಚಿಲ್ಲರೆ. ಅರ್ಥ ಆಯ್ತಾ? ನಾವು ಚಿಕ್ಕಮಗಳೂರಲ್ಲಿ ‘ತುದಿ ಮುಟ್ಟಿದೆವು’ ಅಂತ ಫೋಟೋ ಹೊಡೆಸ್ಕೊಳ್ಳೋ ಎತ್ತರದಲ್ಲಿ ಇವರ ಊರಿನ ಬಸ್ಸು ನಿಲ್ಲುತ್ತೆ! ಅಲ್ಲಿಂದ ಮೇಲಕ್ಕೆ ಇನ್ನೂ ಆರು ಸಾವಿರ ಅಡಿ. ಕೇದಾರಕಂಠದ ನೆತ್ತಿ ಸುಮಾರು 12,500 ಅಡಿ.

ಎತ್ತರ ಏರಿದ ಹಾಗೆ ಚಳಿ ಏರೋದಕ್ಕೂ ಒಂದು ಲೆಕ್ಕ ಇದೆ. ಪ್ರತಿ ಸಾವಿರ ಮೀಟರಿಗೆ ಹೆಚ್ಚುಕಮ್ಮಿ ಆರೂವರೆ ಡಿಗ್ರಿ ಇಳಿಯುತ್ತೆ. ಸಾಂಕ್ರಿಯಲ್ಲಿ ಸೊನ್ನೆ ಇದ್ದರೆ ನೆತ್ತಿಯಲ್ಲಿ ಮೈನಸ್ 12. ಅದರ ಮೇಲೆ ಗಾಳಿ ಬೇರೆ.

ಈ ಇಡೀ ಕಾಡು 1955ರಲ್ಲಿ ಸ್ಥಾಪನೆಯಾದ ಗೋವಿಂದ ವನ್ಯಧಾಮಕ್ಕೆ ಸೇರಿದ್ದು. ಹಿಮಚಿರತೆ ಓಡಾಡೋ ಸೀಮೆ. ನಮಗೆ ಕಾಣಿಸಲಿಲ್ಲ. ಅದಕ್ಕೆ ನಾವು ಕಾಣಿಸಿದ್ದರೆ ಗೊತ್ತಿಲ್ಲ!

ಗೈಡು ನೋಡಿದ್ದು ಮುಖ ಅಲ್ಲ, ಷೂ!

ನಮ್ಮ ಗೈಡು ಅದೇ ಊರಿನವನು. ವಯಸ್ಸು ನಲವತ್ತು ಇರಬಹುದು. ಕೈ ಕುಲುಕಿದ, ಆದರೆ ಮುಖ ನೋಡಲಿಲ್ಲ. ಆರು ಜನರ ಕಾಲನ್ನೂ ಸಾಲಾಗಿ ನೋಡ್ತಾ ಹೋದ, ಥೇಟ್ ಪೊಲೀಸ್ ಪರೇಡ್! ಬಗ್ಗಿ ಹೆಬ್ಬೆರಳಿನಿಂದ ಷೂ ಒತ್ತಿ ನೋಡಿದ. ಒಂದು ಷೂ ತೆಗೆಸಿ ಬಟ್ಟೆ ಹಿಂಡೋ ಹಾಗೆ ತಿರುಚಿ ನೋಡಿದ. ಸಲೀಸಾಗಿ ತಿರುಚಿಕೊಂಡರೆ ಆ ಷೂ ಹಿಮಕ್ಕೆ ಬೇಡ ಅಂತ ಅವನ ಕಾನೂನು. ಸೋಲು ಮೆತ್ತಗಿದ್ದರೆ ಗಟ್ಟಿ ಹಿಮದಲ್ಲಿ ಕಾಲು ಊರೋಕೆ ಅಂಚು ಸಿಗಲ್ಲ, ಇಡೀ ಪಾದ ಜಾರುತ್ತೆ.

ಐದು ಜನ ಪಾಸು. ಆರನೆಯವನು ಫೇಲು.

ಆರನೆಯವನನ್ನು ನಾವು ‘ಡ್ಯಾನ್ಸರ್’ ಅಂತಲೇ ಕರೆಯೋದು. ಸಿನಿಮಾ ಹಾಡುಗಳಲ್ಲಿ ನಾಯಕನ ಹಿಂದೆ ಕುಣಿಯೋ ಗುಂಪಿನಲ್ಲಿ ಮೂರನೇ ಸಾಲು, ಎಡಗಡೆ. ನೀವು ನೋಡಿರ್ತೀರಿ, ಗುರುತು ಹಿಡಿದಿರಲ್ಲ. ಮೂರನೇ ಸಾಲಿನಿಂದ ಮೊದಲನೇ ಸಾಲಿಗೆ ಬರಬೇಕು ಅನ್ನೋದು ಅವನ ಕನಸು. ಮಾರ್ಚಿಯಲ್ಲಿ ಒಂದು ದೊಡ್ಡ ಚಿತ್ರದ ಹಾಡಿಗೆ ಕರೆ ಬಂದಿತ್ತು. ಕಾಲೇ ಅವನ ಅನ್ನ. ಆ ಕಾಲಿಗೆ ಹಾಕ್ಕೊಂಡಿದ್ದು ಬೆಳ್ಳಗೆ ಫಳಫಳ ಅನ್ನೋ ಸ್ಪೋರ್ಟ್ಸ್ ಷೂ. ಮೇಲೆಲ್ಲ ಬಲೆಬಲೆ, ಗಾಳಿ ಆಡೋ ನಮೂನೆ. ಗಾಳಿ ಆಡೋ ಕಡೆ ನೀರೂ ಆಡುತ್ತೆ ತಾನೇ?

ಸಾಂಕ್ರಿಯ ಬೀದಿಯಲ್ಲಿ ಬಾಡಿಗೆಗೆ ಎಲ್ಲ ಸಿಗುತ್ತೆ. ಜಾಕೆಟ್, ಕೋಲು, ಬೂಟು, ಬೂಟಿಗೆ ಹಾಕೋ ಉಕ್ಕಿನ ಹಲ್ಲು. ಗೈಡು ಅವನನ್ನು ಅಂಗಡಿಗೆ ಕರ್ಕೊಂಡು ಹೋದ. ಡ್ಯಾನ್ಸರ್ ಬಾಡಿಗೆ ಬೂಟನ್ನು ಮೂಸಿ ನೋಡಿ ಮುಖ ಸಿಂಡರಿಸಿದ. ‘ಇದು ಹಾಕ್ಕೊಂಡ್ರೆ ಫೋಟೋದಲ್ಲಿ ಗಾರೆ ಕೆಲಸದವನ ಥರ ಕಾಣ್ತೀನಿ ಗುರೂ’ ಅಂದ. ನಾವು ಐದೂ ಜನ ಬೈದೆವು, ಗೈಡೂ ಬೈದ. ಹಲ್ಲು ತಗೊಂಡ, ಕಣಕಾಲಿಗೆ ಕಟ್ಟೋ ಚೀಲ ತಗೊಂಡ, ಬೂಟು ಮಾತ್ರ ಒಲ್ಲೆ ಅಂದ. ಜೂಡಾ ಕಾ ತಾಲಾಬ್‌ವರೆಗೆ ನೋಡೋಣ ಅಂತ ಗೈಡು ತಲೆ ಅಲ್ಲಾಡಿಸಿದ.

ಹಿಮಕ್ಕೂ ನಾನಾ ವೇಷ

ಮೊದಲ ದಿನ ಪೈನ್ ಮರ, ಓಕ್ ಮರಗಳ ನಡುವೆ ಏರು. ಜೂಡಾ ಕಾ ತಾಲಾಬ್ ಸುಮಾರು 9,100 ಅಡಿಯಲ್ಲಿರೋ ಪುಟ್ಟ ಕೆರೆ. ನಾವು ಹೋದಾಗ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಅದರ ಮೇಲೆ ನಿಂತು ಪೋಸು ಕೊಡೋಣ ಅಂತ ಹೋದವರನ್ನು ಗೈಡು ಕೊರಳುಪಟ್ಟಿ ಹಿಡಿದು ಹಿಂದಕ್ಕೆ ಎಳೆದ. ಐಸು ಅಂಚಲ್ಲಿ ಗಟ್ಟಿ ಇದ್ದರೆ ನಡುವೆಯೂ ಗಟ್ಟಿ ಇರಬೇಕು ಅಂತ ರೂಲ್ಸ್ ಇಲ್ಲವಂತೆ.

ನಾವು ದಕ್ಷಿಣದವರಿಗೆ ಹಿಮ ಅಂದ್ರೆ ಒಂದೇ, ಬೆಳ್ಳಗಿರೋದು. ಅಲ್ಲಿ ಹೋದ ಮೇಲೆ ಗೊತ್ತಾಯ್ತು, ಅದು ದಿನಕ್ಕೆ ಮೂರು ವೇಷ ಹಾಕುತ್ತೆ. ರಾತ್ರಿ ಬಿದ್ದ ಹೊಸ ಹಿಮ ಹತ್ತಿ ಹಿಂಜಿದ ಹಾಗೆ, ಕಾಲಿಟ್ಟರೆ ಮೊಣಕಾಲಿನವರೆಗೆ ಇಳಿಯುತ್ತೆ. ಅಲ್ಲಿ ಜಾರೋ ಭಯ ಕಮ್ಮಿ, ಬೂಟಿನ ಬಾಯಿಂದ ಒಳಗೆ ಹಿಮ ತುಂಬೋ ಭಯ ಜಾಸ್ತಿ. ಅದಕ್ಕೇ ಕಣಕಾಲಿಗೆ ಗೇಟರ್ ಅನ್ನೋ ಚೀಲ. ಮಧ್ಯಾಹ್ನ ಬಿಸಿಲಿಗೆ ಅದೇ ಹಿಮ ಗಂಜಿ ಆಗುತ್ತೆ. ನೋಡೋಕೆ ಪಾಪ, ಮಾಡೋ ಕೆಲಸ ಪೂರಾ ವಿಲನ್ನು. ಷೂ ನೆನೆಸೋದೇ ಇದು. ರಾತ್ರಿ ಆ ಗಂಜಿ ಮತ್ತೆ ಹೆಪ್ಪುಗಟ್ಟಿ, ಬೆಳಿಗ್ಗೆ ಕಲ್ಲಿನಂಥ ಐಸು. ದಿನಾ ನೂರಾರು ಜನ ತುಳಿದ ದಾರಿಯಂತೂ ಪಾಲಿಷ್ ಮಾಡಿದ ಮೊಸಾಯಿಕ್ ನೆಲ. ಎಂಥ ದುಬಾರಿ ರಬ್ಬರ್ ಸೋಲಾದರೂ ಅಲ್ಲಿ ಕೈ ಎತ್ತಿಬಿಡುತ್ತೆ. ಆಗ ಬೇಕಾಗೋದು ಉಕ್ಕಿನ ಹಲ್ಲು. ಮೈಕ್ರೋಸ್ಪೈಕ್ ಅಂತಾರೆ. ರಬ್ಬರ್ ಪಟ್ಟಿ, ಅದಕ್ಕೆ ಚೈನು, ಚೈನಿಗೆ ಸಣ್ಣ ಸಣ್ಣ ಮುಳ್ಳು. ಯಾವ ಬೂಟಿಗಾದರೂ ಎಳೆದು ಹಾಕಬಹುದು. ದೊಡ್ಡ ಪರ್ವತ ಹತ್ತುವವರು ಹಾಕೋ ಕ್ರ್ಯಾಂಪಾನ್ ಇದರ ದೊಡ್ಡಣ್ಣ. ಅದಕ್ಕೆ ಬಗ್ಗದ ಗಟ್ಟಿ ಬೂಟೇ ಬೇಕು. ಕೇದಾರಕಂಠಕ್ಕೆ ತಮ್ಮನೇ ಸಾಕು.

ಸೋಲಿನ ಮಾತು ಬಂತು. ನಿಮ್ಮ ಬೂಟಿನ ತಳದಲ್ಲಿ ಟ್ರ್ಯಾಕ್ಟರ್ ಟೈರಿನ ಹಾಗೆ ಗಡ್ಡೆಗಡ್ಡೆ ರಬ್ಬರ್ ಇರುತ್ತಲ್ಲ, ಅದು ಸುಮ್ಮನೆ ಬಂದಿದ್ದಲ್ಲ. ಹಿಂದಿನ ಕಾಲದಲ್ಲಿ ಚರ್ಮದ ತಳಕ್ಕೆ ಕಬ್ಬಿಣದ ಮೊಳೆ ಹೊಡೆದು ಬೆಟ್ಟ ಹತ್ತುತ್ತಿದ್ದರು. ಬಂಡೆ ಬಂದಾಗ ಅದನ್ನು ಬಿಚ್ಚಿ ತೆಳು ಷೂ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ವಿಟಾಲೆ ಬ್ರಾಮಾನಿ ಅನ್ನೋ ಪರ್ವತಾರೋಹಿಯ ಆರು ಜನ ಸಂಗಾತಿಗಳು ಪ್ರಾಣ ಬಿಟ್ಟರು. ಸರಿಯಾದ ಪಾದರಕ್ಷೆ ಇಲ್ಲದ್ದೂ ಅದಕ್ಕೆ ಒಂದು ಕಾರಣ. ಆ ದುಃಖದಲ್ಲೇ ಬ್ರಾಮಾನಿ ಪಿರೆಲ್ಲಿ ಟೈರ್ ಕಂಪನಿಯ ನೆರವು ಪಡೆದು 1937ರಲ್ಲಿ ಗಡ್ಡೆ ರಬ್ಬರಿನ ಸೋಲು ತಯಾರಿಸಿದ. ಅವನ ಹೆಸರನ್ನೇ ಕತ್ತರಿಸಿ ಜೋಡಿಸಿದ್ದು ‘ವೈಬ್ರಾಮ್’. 1954ರಲ್ಲಿ ಕೆ2 ಶಿಖರವನ್ನು ಮೊದಲು ಹತ್ತಿದ ಇಟಲಿ ತಂಡದ ಕಾಲಲ್ಲಿದ್ದದ್ದೂ ಅದೇ ಸೋಲು. ಆರು ಜನ ಸತ್ತ ಮೇಲೆ ಹುಟ್ಟಿದ ರಬ್ಬರು ಅದು! ತುಳಿಯುವಾಗ ಸ್ವಲ್ಪ ಗೌರವ ಇರಲಿ.

ಡ್ಯಾನ್ಸರನ ಕಾಲು

ಎರಡನೇ ದಿನ ಬೇಸ್ ಕ್ಯಾಂಪಿಗೆ, ಸುಮಾರು 11,250 ಅಡಿ. ಬೆಳಿಗ್ಗೆ ಹೊರಡುವಾಗ ಡ್ಯಾನ್ಸರ್ ಹಾಡು ಹೇಳ್ತಾ, ಸ್ಟೆಪ್ ಹಾಕ್ತಾ ಎಲ್ಲರಿಗಿಂತ ಮುಂದೆ. ಮಧ್ಯಾಹ್ನದ ಗಂಜಿ ಹಿಮದಲ್ಲಿ ಅವನ ಬೆಳ್ಳನೆ ಷೂ ಸ್ಪಂಜಿನ ಹಾಗೆ ನೀರು ಕುಡಿಯಿತು. ಒಳಗೆ ಹತ್ತಿಯ ಕಾಲುಚೀಲ. ಹತ್ತಿಗೆ ಒಂದು ಕೆಟ್ಟ ಬುದ್ಧಿ. ಒದ್ದೆ ಆದರೆ ಬೇಗ ಒಣಗಲ್ಲ, ಮೈ ಶಾಖ ಹೀರಿ ಹೊರಗೆ ಹಾಕುತ್ತೆ. ಉಣ್ಣೆ ಹಾಗಲ್ಲ, ಒದ್ದೆ ಆದರೂ ಸ್ವಲ್ಪ ಬೆಚ್ಚಗೆ ಇಟ್ಟಿರುತ್ತೆ.

ಎರಡು ಗಂಟೆ ಆದ ಮೇಲೆ ಹಾಡು ನಿಂತಿತು. ಆಮೇಲೆ ಮಾತೂ ನಿಂತಿತು. ‘ಏನೋ, ಕಾಲು ನೋಯ್ತಿದೆಯಾ?’ ಅಂದೆ. ‘ಇಲ್ಲ, ಮೊದಲು ನೋಯ್ತಿತ್ತು, ಈಗ ಆರಾಮು, ಏನೂ ಗೊತ್ತಾಗ್ತಿಲ್ಲ’ ಅಂದ.

ಆ ಮಾತನ್ನು ಹಿಂದಿಗೆ ತಂದು ಗೈಡಿಗೆ ಹೇಳಿದ್ದೇ ತಡ, ಅವನ ಮುಖದ ಬಣ್ಣವೇ ಬದಲಾಯ್ತು. ನೋವು ಇದ್ದರೆ ಒಳ್ಳೇದು ಮಿತ್ರರೇ. ನೋವು ನಿಂತುಹೋಯ್ತು ಅಂದ್ರೇನೇ ಅಪಾಯ.

ಟೆಂಟು ನೂರು ಹೆಜ್ಜೆ ದೂರದಲ್ಲಿತ್ತು. ಒಳಗೆ ಕೂರಿಸಿ ಷೂ ಬಿಚ್ಚಿದರು. ಬಲಗಾಲಿನ ಮೂರು ಬೆರಳು ಮೇಣದ ಹಾಗೆ ಬಿಳಿಚಿಕೊಂಡಿದ್ದವು. ಒತ್ತಿದರೆ ಅವನಿಗೆ ಅರಿವೇ ಇಲ್ಲ. ನಮ್ಮಲ್ಲೊಬ್ಬ ಹಿಮ ತಂದು ಉಜ್ಜೋಣ ಅಂದ, ಯಾವುದೋ ಹಳೇ ಪಿಕ್ಚರಲ್ಲಿ ನೋಡಿದ್ದನಂತೆ. ಗೈಡು ಗದರಿದ. ಉಜ್ಜಿದರೆ ಹೆಪ್ಪುಗಟ್ಟಿದ ಚರ್ಮ ಒಳಗೊಳಗೇ ಹರಿಯುತ್ತೆ. ಇನ್ನೊಬ್ಬ ಒಲೆ ಹತ್ತಿರ ಇಡೋಣ ಅಂದ. ಅದೂ ಬೇಡ. ಅರಿವಿಲ್ಲದ ಕಾಲು ಸುಟ್ಟರೂ ಗೊತ್ತಾಗಲ್ಲ.

ಆಮೇಲೆ ಗೈಡು ಮಾಡಿದ ಕೆಲಸ ನಾನು ಸಾಯೋವರೆಗೂ ಮರೆಯಲ್ಲ. ತನ್ನ ಜಾಕೆಟ್, ಸ್ವೆಟರ್, ಅಂಗಿ ಎತ್ತಿ, ಆ ಐಸಿನಂಥ ಪಾದಗಳನ್ನು ತನ್ನ ಬರಿ ಹೊಟ್ಟೆಗೆ ಒತ್ತಿಕೊಂಡು ಕೂತ. ಹೊರಗೆ ಮೈನಸ್ಸು. ಮುಖ ಕಿವುಚಿಕೊಂಡಿತು, ಒಂದು ಮಾತು ಆಡಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ... ಇದ್ದಕ್ಕಿದ್ದ ಹಾಗೆ ಡ್ಯಾನ್ಸರ್ ‘ಅಮ್ಮಾ!’ ಅಂತ ಕಿರುಚಿದ. ರಕ್ತ ವಾಪಸ್ ಬಂದಿತ್ತು. ಬೆರಳು ಕೆಂಪಗಾದವು. ಸೂಜಿ ಚುಚ್ಚಿದ ಹಾಗೆ ನೋವು. ಅವನು ಅಳ್ತಾ ಇದ್ದ, ಗೈಡು ನಗ್ತಾ ಇದ್ದ.

ಚಳಿ ಬೆರಳು ತಿನ್ನೋದು ಬರೀ ಹೆದರಿಸೋ ಮಾತಲ್ಲ. 1950ರ ಜೂನ್ 3ರಂದು ಅನ್ನಪೂರ್ಣ ಶಿಖರ ಮುಟ್ಟಿದ ಫ್ರಾನ್ಸಿನ ಮಾರಿಸ್ ಎರ್ಜೋಗ್ ಮತ್ತು ಲೂಯಿ ಲಶನಾಲ್ ಕಥೆ ಕೇಳಿ. 8,000 ಮೀಟರ್ ದಾಟಿದ ಶಿಖರವನ್ನು ಮನುಷ್ಯ ಹತ್ತಿದ್ದು ಅದೇ ಮೊದಲು. ಆದರೆ ಇಬ್ಬರೂ ಕಾಲ್ಬೆರಳು ಕಳಕೊಂಡೇ ಊರಿಗೆ ಹೋದರು. ಕೈಗವಸು ಜಾರಿಸಿಕೊಂಡ ಎರ್ಜೋಗ್‌ಗೆ ಕೈಬೆರಳೂ ಬಹುಪಾಲು ಹೋದವು. ನಮ್ಮದು ಅನ್ನಪೂರ್ಣ ಅಲ್ಲ ನಿಜ, ಆದರೆ ಚಳಿಗೆ ಬೆಟ್ಟದ ಹೆಸರು ಗೊತ್ತಾಗಲ್ಲ.

ಆ ರಾತ್ರಿ ಗೈಡು ತೀರ್ಪು ಕೊಟ್ಟ. ನಾಳೆ ಶಿಖರಕ್ಕೆ ಐವರು ಮಾತ್ರ. ಒಮ್ಮೆ ಕರಗಿದ ಬೆರಳು ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಹೆಚ್ಚು ಹಾಳಾಗುತ್ತೆ. ಡ್ಯಾನ್ಸರ್ ಕೈ ಮುಗಿದ, ಬೇಡಿಕೊಂಡ. ಎರಡು ಸಾವಿರ ಕಿಲೋಮೀಟರ್ ಬಂದಿದ್ದೀನಿ, ಇನ್ನು ಸಾವಿರದ ಚಿಲ್ಲರೆ ಅಡಿ ತಾನೇ ಅಂದ. ಗೈಡು ಒಂದೇ ಮಾತು ಕೇಳಿದ: ‘ಮಾರ್ಚಿಯಲ್ಲಿ ಕುಣೀಬೇಕೋ ಬೇಡವೋ?’

ಟೆಂಟಿನಲ್ಲಿ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಡ್ಯಾನ್ಸರ್ ಕಂಬಳಿ ಎಳ್ಕೊಂಡು ಮಲಗಿದ.

ಬೆಳಗಿನ ಜಾವದ ಕ್ಲೈಮ್ಯಾಕ್ಸ್

ಮಲಗೋ ಮುಂಚೆ ಗೈಡಿನ ಇನ್ನೊಂದು ಆರ್ಡರ್. ಬೂಟನ್ನು ಟೆಂಟಿನ ಹೊರಗೆ ಬಿಡಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನ ಕಾಲ ಬುಡಕ್ಕೆ ಇಟ್ಕೊಳ್ಳಿ. ನಗು ಬಂತು, ಹೆಂಡತಿ ಜಾಗದಲ್ಲಿ ಬೂಟು! ಆದರೆ ಇದು ಎವರೆಸ್ಟ್ ಕಲಿಸಿದ ಪಾಠ. 1953ರ ಮೇ 29ರ ಬೆಳಿಗ್ಗೆ, ಶಿಖರಕ್ಕೆ ಹೊರಡಬೇಕಾದ ದಿನವೇ, ಎಡ್ಮಂಡ್ ಹಿಲರಿಯ ಬೂಟು ಕಲ್ಲಾಗಿ ಹೆಪ್ಪುಗಟ್ಟಿತ್ತು. ಸ್ಟೌ ಮೇಲೆ ಬಿಸಿ ಮಾಡಿ ಮೆತ್ತಗೆ ಮಾಡೋಕೆ ಎರಡು ಗಂಟೆ ಹಿಡಿಯಿತು. ಆಮೇಲೇ ತೇನ್‌ಸಿಂಗ್ ಜತೆ ಹೊರಟಿದ್ದು. ಪ್ರಪಂಚದ ಅತಿ ದೊಡ್ಡ ಕ್ಲೈಮ್ಯಾಕ್ಸ್ ಬೂಟಿಗಾಗಿ ಕಾಯ್ತಾ ಕೂತಿತ್ತು!

ಮೂರು ಗಂಟೆಗೆ ಎದ್ದು ಹೊರಟೆವು. ತಲೆಗೆ ಟಾರ್ಚು, ಕಾಲಿಗೆ ಹಲ್ಲು. ಕತ್ತಲಲ್ಲಿ ಕೇಳೋದು ಒಂದೇ ಸದ್ದು, ಕರ್‍ರ್ ಕರ್‍ರ್ ಅಂತ ಉಕ್ಕು ಐಸನ್ನು ಕಚ್ಚೋ ಸದ್ದು. ಇಡೀ ಪಾದ ಊರಿ ನಡೀರಿ, ಬರೀ ತುದಿಗಾಲು ಬೇಡ ಅಂತ ಗೈಡು ಹೇಳ್ತಾನೇ ಇದ್ದ. ಹತ್ತು ಹೆಜ್ಜೆ ನಡೆದರೆ ಏದುಸಿರು. ನಿಂತರೆ ಚಳಿ. ಸಣ್ಣ ಹೆಜ್ಜೆ, ನಿಲ್ಲದ ಹೆಜ್ಜೆ, ಅದೇ ಮಂತ್ರ.

ನೆತ್ತಿ ಮುಟ್ಟೋ ಹೊತ್ತಿಗೆ ಪೂರ್ವ ಕೆಂಪಾಯ್ತು. ಮೇಲೆ ಕಲ್ಲು ಜೋಡಿಸಿದ ಪುಟ್ಟ ಶಿವನ ಜಾಗ, ಒಂದು ತ್ರಿಶೂಲ. ಶಿವ ಮೊದಲು ಇಲ್ಲೇ ತಪಸ್ಸಿಗೆ ಕೂತಿದ್ದನಂತೆ, ಶಾಂತಿ ಕೆಟ್ಟು ಎದ್ದು ಕೇದಾರಕ್ಕೆ ಹೋದನಂತೆ, ಊರಿನವರು ಹೇಳೋ ಕಥೆ. ಎದುರಿಗೆ 6,252 ಮೀಟರಿನ ಸ್ವರ್ಗಾರೋಹಿಣಿ, ಪಾಂಡವರು ಸ್ವರ್ಗಕ್ಕೆ ನಡೆದರು ಅನ್ನೋ ದಾರಿ. ಪಕ್ಕದಲ್ಲಿ ಬಂದರ್‌ಪೂಂಛ್, ಅದರಾಚೆ ಕಾಳಾನಾಗ್. ಮೊದಲು ತುದಿಗೆ ಮಾತ್ರ ಬೆಳಕು ಬಿತ್ತು, ಆಮೇಲೆ ಮೆಲ್ಲಗೆ ಕೆಳಗಿಳಿಯಿತು, ಥಿಯೇಟರಲ್ಲಿ ಪರದೆ ಮೇಲೆ ಬೆಳಕು ಬಿದ್ದ ಹಾಗೆ. ಸಿಳ್ಳೆ ಹೊಡೆಯೋಣ ಅಂದ್ರೆ ತುಟಿ ಮರಗಟ್ಟಿತ್ತು.

ಐದು ಜನ ಫೋಟೋ ತೆಗೆಸ್ಕೊಂಡೆವು. ಆರನೆಯವನ ಜಾಗ ಬಿಟ್ಟು ನಿಂತೆವು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗೇ ಹಾಗೆ ನಿಂತೆವು.

ಇಳಿಯೋದು ಸುಲಭ ಅಂದ್ಕೋಬೇಡಿ. ಜಾರಿ ಬೀಳೋರಲ್ಲಿ ಹೆಚ್ಚಿನವರು ಬೀಳೋದು ಇಳಿಯುವಾಗಲೇ. ಹಿಮ್ಮಡಿ ಗುದ್ದಿ ಇಳೀಬೇಕು, ಮೈ ಹಿಂದಕ್ಕೆ ವಾಲಿಸಬಾರದು. ಕೆಳಗೆ ಕ್ಯಾಂಪಿನಲ್ಲಿ ಡ್ಯಾನ್ಸರ್ ಅಡುಗೆಯವನ ಒಣ ಬೂಟು ಹಾಕ್ಕೊಂಡು, ನಮಗೆ ಚಹಾ ಕಾಯಿಸಿಕೊಂಡು ಕಾಯ್ತಾ ಇದ್ದ. ಗಾರೆ ಕೆಲಸದವನ ಹಾಗೆ ಕಾಣ್ತೀಯ ಅಂತ ರೇಗಿಸಿದೆವು. ನಕ್ಕ. ಬೆರಳು ಮೂರು ವಾರ ಜುಮುಜುಮು ಅಂದವು, ಆಮೇಲೆ ಸರಿಹೋದವು. ಮಾರ್ಚಿಯಲ್ಲಿ ಕುಣಿದ. ಎರಡನೇ ಸಾಲು, ನಡುವೆ!

ಹೊರಡೋ ಮುಂಚೆ ಇಷ್ಟು ಕೇಳಿಸ್ಕೊಳ್ಳಿ

ಬೂಟು ಕೊಳ್ಳೋಕೆ ಸಂಜೆ ಹೋಗಿ, ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರುತ್ತೆ. ದಪ್ಪ ಉಣ್ಣೆ ಕಾಲುಚೀಲ ಹಾಕ್ಕೊಂಡೇ ಅಳತೆ ನೋಡಿ. ಅರ್ಧ ಸೈಜು ದೊಡ್ಡದಿರಲಿ, ಬೆರಳು ಒಳಗೆ ಕುಣಿಯೋ ಹಾಗಿರಬೇಕು. ಚಳಿ ಅಂತ ಎರಡೆರಡು ಕಾಲುಚೀಲ ತುರುಕಿ ಬಿಗಿ ಮಾಡ್ಕೊಂಡರೆ ರಕ್ತ ಓಡಲ್ಲ, ಬೆರಳು ಇನ್ನೂ ಬೇಗ ತಣ್ಣಗಾಗುತ್ತೆ.

ಕಣಕಾಲು ಮುಚ್ಚೋ ಎತ್ತರ, ನೀರು ಒಳಗೆ ಬಿಡದ ಮೇಲ್ಭಾಗ, ಗಡ್ಡೆ ಸೋಲು, ತಿರುಚಿದರೆ ಸುಲಭಕ್ಕೆ ಬಗ್ಗದ ತಳ. ಈ ನಾಲ್ಕು ಇದ್ದರೆ ಯಾವ ಕಂಪನಿಯಾದರೇನು? ದುಡ್ಡಿಲ್ಲದಿದ್ದರೆ ಬಾಡಿಗೆಗೆ ತಗೊಳ್ಳಿ, ನಾಚಿಕೆ ಬೇಡ. ಹೊಸ ಬೂಟಾದರೆ ಎರಡು ಮೂರು ವಾರ ಮುಂಚೆಯೇ ಹಾಕ್ಕೊಂಡು ಓಡಾಡಿ. ಬಸ್ ಸ್ಟ್ಯಾಂಡಿಗೆ, ಸಿನಿಮಾಕ್ಕೆ, ನಂದಿಬೆಟ್ಟದ ಮೆಟ್ಟಿಲಿಗೆ. ಬೊಬ್ಬೆ ಬರೋದಿದ್ದರೆ ಊರಲ್ಲೇ ಬರಲಿ.

ಕಾಲುಗುರು ಕತ್ತರಿಸಿ. ಇಳಿಯುವಾಗ ಉದ್ದ ಉಗುರು ಬೂಟಿಗೆ ಗುದ್ದಿ ಕರ್‍ರಗಾಗುತ್ತೆ. ಒಣ ಕಾಲುಚೀಲ ಒಂದು ಜೊತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಚೀಲದ ತಳದಲ್ಲಿ ಇಡಿ. ಮಲಗುವಾಗ ಮಾತ್ರ ಹಾಕ್ಕೋಬೇಕು. ದಾರಿಯಲ್ಲಿ ಬೂಟು ನೆನೆದು ಬೇರೆ ಗತಿಯೇ ಇಲ್ಲ ಅಂದಾಗ, ಒಣ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕವರು ಸುತ್ತಿ ಆಮೇಲೆ ಬೂಟು ಹಾಕಿ ಕ್ಯಾಂಪ್ ಸೇರಿ.

ಕೂಲಿಂಗ್ ಗ್ಲಾಸ್ ಮರೀಬೇಡಿ. ಇಲ್ಲಿ ಅದು ಸ್ಟೈಲಿಗಲ್ಲ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣದಲ್ಲಿ ನೂರಕ್ಕೆ ಎಂಬತ್ತರವರೆಗೆ ವಾಪಸ್ ಕಣ್ಣಿಗೆ ಹೊಡೆಯುತ್ತೆ. ಸಂಜೆಗೆ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿಯುತ್ತೆ.

ಕೊನೇ ಮಾತು. ಬೆರಳು ನೋಯ್ತಾ ಇದ್ದರೆ ಒಳಗೇ ಆಡಿಸ್ತಾ ಇರಿ. ನೋವು ನಿಂತರೆ ಅಲ್ಲೇ ನಿಲ್ಲಿ, ಜತೆಯವರಿಗೆ ಹೇಳಿ. ಗೈಡು ‘ಸಾಕು, ಇಳಿ’ ಅಂದ್ರೆ ಇಳಿಯಿರಿ. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ. ಮುಂದಿನ ಜನವರಿಗೂ ಅದೇ ಟಿಕೆಟ್ಟು, ಅದೇ ಟಾಕೀಸು. ನಮ್ಮ ಡ್ಯಾನ್ಸರ್ ಆಗಲೇ ಬೂಟು ಕೊಂಡಿದ್ದಾನೆ. ಕಂದು ಬಣ್ಣ, ದಪ್ಪ ಸೋಲು, ಒಂದೊಂದೂ ಮುಕ್ಕಾಲು ಕೆ.ಜಿ. ತೂಕ. ನೋಡೋಕೆ ಚೆಂದ ಇಲ್ಲ ಮಾರಾಯ್ರೆ, ಆದರೆ ಒಳಗೆ ಹತ್ತೂ ಬೆರಳು ಬೆಚ್ಚಗಿವೆ!